ಒಂಟಿ ರೊಟ್ಟಿ

ಮೊನ್ನೆ ನಮ್ಮ ಪ್ರೆಸ್ಸಿನ ಕಪಾಟು ಒರೆಸುವಾಗ ಹಳೆಯ ಪ್ರೂಫ್ ಹಾಳೆಗಳ ಕಟ್ಟಿನಿಂದ ಒಂದು ಹಾಳೆ ಜಾರಿ ಕಾಲ ಮೇಲೆ ಬಿತ್ತು. ಎತ್ತಿ ನೋಡಿದರೆ ನಟ್ಟನಡುವೆ ಅಂಗೈಯಗಲದ ಅಕ್ಷರಗಳಲ್ಲಿ ‘ಒಂಟಿತನ’ ಎಂದಿತ್ತು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚಿದ ನನ್ನದೇ ಅಕ್ಷರ: ಭಣಭಣ. ಅದರ ಪಕ್ಕ ‘ಛಲೋ ಪದ’ ಎಂದು ನನಗೆ ನಾನೇ ಕೊಟ್ಟುಕೊಂಡ ಶಿಫಾರಸು. ನೋಡಿದ ಕೂಡಲೇ ನಾಚಿಕೆಯಾಯಿತು. ಯಾಕೆ ನಾಚಿಕೆ ಎಂದು ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ಸುತ್ತು ಹಾಕಿಸಬೇಕಾಗುತ್ತದೆ. ನಮ್ಮ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ಬಸ್ಸೂ ಹೈವೇ ಹಿಡಿದು ಮೋಟೆಬೆನ್ನೂರಿನ ತನಕ ಹೋಗಿ, ಅಲ್ಲಿ ತಿರುಗಿಯೇ ಊರು ಸೇರುತ್ತದೆ. ಅಭ್ಯಾಸವಾದವರಿಗೆ ಅದೇನು ತ್ರಾಸಲ್ಲ.

ನಾನು ಸಣ್ಣದೊಂದು ಪ್ರೆಸ್ ಇಟ್ಟುಕೊಂಡವನು. ಲಗ್ನಪತ್ರಿಕೆ, ಬೀಜದ ಪಾಕೀಟು, ಖಾರದಪುಡಿಯ ಲೇಬಲ್ಲು, ತೀರಿಕೊಂಡವರ ಫೋಟೋ ಹಾಕಿದ ಬ್ಯಾನರು, ಎಲ್ಲವೂ ನನ್ನ ಮೇಜು ದಾಟಿಯೇ ಹೋಗಬೇಕು. ಇಪ್ಪತ್ತೈದು ವರ್ಷ ಕಂಡವರ ಕನ್ನಡ ತಿದ್ದಿ ತಿದ್ದಿ ನನಗೊಂದು ಸೊಕ್ಕು ಬಂದಿದೆ. ಬಸ್ಸಿನಲ್ಲಿ, ಸಂತೆಯಲ್ಲಿ, ಸತ್ತವರ ಮನೆಯಲ್ಲಿ ಕುಳಿತಾಗಲೂ ಯಾರ ಬಾಯಿಂದ ಯಾವ ಪದ ಬಿತ್ತು ಎಂದು ಕಿವಿ ನೆಟ್ಟಿರುತ್ತೇನೆ. ನನ್ನ ಹೆಂಡತಿ ಗಿರಿಜಾ ಇದನ್ನು ಪದದ ರೋಗ ಎನ್ನುತ್ತಾಳೆ. ನನಗಿರುವ ಇನ್ನೊಂದು ರೋಗದ ಮಾತು ಮುಂದೆ ಬರುತ್ತದೆ.

ಕಳೆದ ವರ್ಷ ಹಾವೇರಿಯಲ್ಲಿ ಕನ್ನಡ ಕಲಿಸುವ ಮಾಸ್ತರೊಬ್ಬರು ತಮ್ಮ ವಿಚಾರ ಸಂಕಿರಣಕ್ಕೆ ಪೋಸ್ಟರ್ ಮಾಡಿಸಲು ಬಂದರು. ವಿಷಯ ಒಂಟಿತನ. “ಅಕ್ಷರ ದೊಡ್ಡವು ಇರ್ಲಿ, ಸುತ್ತ ಜಾಗಾ ಖಾಲಿ ಬಿಡ್ರಿ, ನೋಡಿದವರಿಗೆ ಒಂಟಿ ಅನಿಸಬೇಕು,” ಎಂದರು. ಹಾಗೇ ಮಾಡಿ ತೋರಿಸಿದೆ. ಅವರು ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದರು.

“ಇದು ಪುಸ್ತಕದ ಮಾತಾತ್ರೀ. ನಮ್ಮ ಕಡೆ ಮಂದಿ ಇದಕ್ಕ ಏನಂತಾರ? ಅಂಥಾದೊಂದು ಪದ ಸಿಕ್ಕರ ಕೆಳಗ ಮೂಲ್ಯಾಗ ಹಾಕೋಣು. ನಿಮಗ ಹತ್ತು ಮಂದಿ ಬರ್ತಾರ, ಹುಡುಕಿ ಇಡ್ರಿ.”

ನನಗೆ ಹೇಳಬೇಕೇ? ಆವತ್ತೇ ಪೆನ್ಸಿಲ್ ಚೂಪು ಮಾಡಿಕೊಂಡು ಕುಳಿತೆ.

ಕುಳಿತರೆ ಒಂದು ವಿಚಿತ್ರ ಹೊಳೆಯಿತು. ಒಂಟಿ ಎಂಬ ಮಾತನ್ನು ನಾನು ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದೇನೆ. ಆದರೆ ಮನುಷ್ಯರ ಬಗ್ಗೆ ಕೇಳಿದ್ದು ಮಾತ್ರ ನೆನಪಿಲ್ಲ. ಮೋಟೆಬೆನ್ನೂರಿನ ನಮ್ಮ ಮನೆಯಲ್ಲಿ ಒಂಟಿಯಾಗಿ ಬರುತ್ತಿದ್ದುದು ಸೀನು. ಅಜ್ಜ ರುಮಾಲು ಸುತ್ತಿ ಹೊರಟಾಗ ಯಾರಾದರೂ ಒಂಟಿ ಸೀನು ಸೀನಿದರೆ ಆವತ್ತಿನ ಕೆಲಸ ಕೆಟ್ಟಿತು. ಅಜ್ಜ ಹೊಸ್ತಿಲಿಂದ ಹಿಂದೆ ಬಂದು, ಕಟ್ಟೆಯ ಮೇಲೆ ಕುಳಿತು, ಒಂದು ಚೊಂಬು ನೀರು ಕುಡಿದು, ಸೀನಿದವನನ್ನೇ ನೋಡುತ್ತ “ಇನ್ನೊಂದು ಸೀನಲೇ” ಎಂದು ಕಾಯುತ್ತಿದ್ದ. ಬಸ್ಸು ತಪ್ಪಿದರೂ ಚಿಂತೆಯಿಲ್ಲ, ಸೀನು ಜೋಡಿಯಾಗಬೇಕು. ನಾನು ಮೂಗಿನಲ್ಲಿ ದಾರದ ಎಳೆ ಆಡಿಸಿಕೊಂಡು ಎರಡನೆಯ ಸೀನು ತರಿಸಿ ಅಜ್ಜನನ್ನು ಹಾವೇರಿ ಕೋರ್ಟಿಗೆ ಕಳಿಸಿಕೊಟ್ಟದ್ದುಂಟು. ಖಟ್ಲೆ ಸೋತು ಬಂದ. ಅದು ಬೇರೆ ಮಾತು.

ಇನ್ನೊಂದು, ಒಂಟಿ ಎತ್ತು. ಒಂದು ವರ್ಷ ನಮ್ಮ ಜೋಡಿಯಲ್ಲಿ ಒಂದು ಎತ್ತು ಸತ್ತಿತು. ಕೆಳಗಿನ ಓಣಿಯವರ ಮನೆಯಲ್ಲೂ ಒಂದೇ ಉಳಿದಿತ್ತು. ನಮ್ಮದು ಬಿಳಿ, ಎತ್ತರ. ಅವರದು ಕಂದು, ಗಿಡ್ಡ. ಎರಡನ್ನೂ ಒಂದೇ ನೊಗಕ್ಕೆ ಹೂಡಿ ಎರಡೂ ಮನೆಯ ಹೊಲ ಹರಗಿದರು. ನೊಗ ಒಂದು ಕಡೆ ವಾಲಿ, ನೋಡಿದವರೆಲ್ಲ ನಕ್ಕರು. ಆದರೆ ಆ ವರ್ಷ ಇಬ್ಬರ ಬಿತ್ತನೆಯೂ ಹೊತ್ತಿಗೆ ಸರಿಯಾಗಿ ಆಯಿತು.

ಮೂರನೆಯದು ರೊಟ್ಟಿ. ಇದಕ್ಕೆ ನಮ್ಮ ಚಿಗವ್ವನನ್ನು ಕರೆತರಬೇಕು.

ನೀಲವ್ವ ಚಿಗವ್ವ ನಮ್ಮವ್ವನ ತಂಗಿ. ಇರುವುದು ಬ್ಯಾಡಗಿಯಲ್ಲಿ. ಅವಳ ಗಂಡ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಸಕ್ಕರೆ ಕಾಯಿಲೆ ಬಂದು, ಕಾಲಿನ ಹುಣ್ಣು ಮಾಯದೆ, ವಯಸ್ಸಿರುವಾಗಲೇ ತೀರಿಕೊಂಡ. ಮಕ್ಕಳಿರಲಿಲ್ಲ. ಚಿಗವ್ವ ತವರಿಗೆ ಬರಲಿಲ್ಲ. ಮಾರುಕಟ್ಟೆಯ ಹತ್ತಿರದ ಗೋದಾಮಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಕುಳಿತಳು. ಅರವತ್ತೈದು ದಾಟಿದರೂ ಇನ್ನೂ ಹೋಗುತ್ತಾಳೆ. ಬೇಡ ಎಂದರೆ “ಮನ್ಯಾಗ ಕುಂತು ಗ್ವಾಡಿ ನೋಡ್ಲೇನು?” ಎನ್ನುತ್ತಾಳೆ. ಗ್ವಾಡಿ ಅಂದರೆ ಗೋಡೆ. ಅವಳ ಮನೆಯ ಗೋಡೆಯಲ್ಲಿ ನೋಡುವಂಥದ್ದು ಏನೂ ಇಲ್ಲ ಎಂಬುದೂ ನಿಜ.

ಅವಳೊಬ್ಬಳೇ ಆದ ಮೇಲೆ, ಹೈಸ್ಕೂಲಿಗೆ ಮೂರು ವರ್ಷ ನಾನು ಅವಳ ಮನೆಯಲ್ಲಿದ್ದೆ. ಅವಳ ಕೈ ಸದಾ ಖಾರ. ಎಷ್ಟು ತೊಳೆದರೂ, ಎಣ್ಣೆ ಹಚ್ಚಿ ತಿಕ್ಕಿದರೂ ಬೆರಳ ಸಂದಿನಲ್ಲಿ ಉರಿ ಉಳಿದೇ ಇರುತ್ತಿತ್ತು. ಅದಕ್ಕೆ ಅವಳು ನನ್ನ ಮುಖವನ್ನು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಜ್ವರ ಬಂದಿದೆಯೇ ಎಂದು ನೋಡಲೂ, ಪರೀಕ್ಷೆಗೆ ಹೊರಟಾಗ ಕೆನ್ನೆ ಸವರಲೂ ಹಿಂಗೈ. ಬ್ಯಾಡಗಿಯಲ್ಲಿ ಎಲ್ಲ ತಾಯಂದಿರೂ ಮಕ್ಕಳನ್ನು ಹೀಗೇ ಹಿಂಗೈಯಿಂದ ಮುಟ್ಟುತ್ತಾರೆ ಎಂದೇ ನಾನು ಬಹಳ ದಿನ ತಿಳಿದಿದ್ದೆ. ಇನ್ನೊಂದು ವಿಶೇಷ, ಬ್ಯಾಡಗಿಯಲ್ಲಿ ಒಂಟಿ ಸೀನು ಎಂಬುದೇ ಇಲ್ಲ. ಸುಗ್ಗಿಯಲ್ಲಿ ಊರ ಗಾಳಿಯಲ್ಲೇ ಖಾರ ಇರುತ್ತದೆ, ಸೀನಲು ಶುರು ಮಾಡಿದವನು ನಾಲ್ಕೈದಕ್ಕೆ ಕಡಿಮೆ ನಿಲ್ಲಿಸುವುದಿಲ್ಲ. ನಮ್ಮ ಅಜ್ಜ ಈ ಊರಲ್ಲಿ ಹುಟ್ಟಬೇಕಿತ್ತು.

ಚಿಗವ್ವ ಸೀನು ಬಿಟ್ಟುಕೊಟ್ಟಿದ್ದಳು, ರೊಟ್ಟಿಯನ್ನಲ್ಲ. ಒಂಟಿ ರೊಟ್ಟಿ ಬಡಿಸಬಾರದು. ಗಂಗಾಳಕ್ಕೆ ರೊಟ್ಟಿ ಬಿದ್ದರೆ ಎರಡು ಬೀಳಬೇಕು. ಒಂದು ಹಾಕಿ, ತಿರುಗಿ, ಇನ್ನೊಂದು ತಂದು ಹಾಕುವ ತನಕ ನಾನು ತುತ್ತು ಮುರಿಯುವಂತಿರಲಿಲ್ಲ. ಹಸಿವಿಲ್ಲ, ಹೊಟ್ಟೆ ನೋವು, ಸಾಲೆಗೆ ಹೊತ್ತಾಯಿತು, ಯಾವ ನೆಪವೂ ನಡೆಯುತ್ತಿರಲಿಲ್ಲ. ಅವಳ ರೊಟ್ಟಿಯೋ, ಮೊರದಷ್ಟು ಅಗಲ. ನಾನು ಉಂಡು ಕೈ ತೊಳೆದ ಮೇಲೆ ಅವಳು ಒಲೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಏನು ಉಣ್ಣುತ್ತಿದ್ದಳು, ಎಷ್ಟು ಉಣ್ಣುತ್ತಿದ್ದಳು, ನಾನು ನೋಡಲಿಲ್ಲ. ನೋಡಬೇಕು ಎಂದು ಅನಿಸಲೂ ಇಲ್ಲ.

ಪ್ರೆಸ್ ಹಾಕಿದ ಮೇಲೆ ನಾನು ಮಂಗಳವಾರಕ್ಕೊಮ್ಮೆ ಬ್ಯಾಡಗಿಗೆ ಹೋಗುವ ರೂಢಿ ಮಾಡಿಕೊಂಡೆ. ಸೋಮವಾರ, ಗುರುವಾರ ಮಾರುಕಟ್ಟೆ. ಆ ದಿನ ಯಾವ ವ್ಯಾಪಾರಿಯೂ ತಲೆ ಎತ್ತಿ ಮಾತಾಡುವುದಿಲ್ಲ. ಮಂಗಳವಾರ ಕೈ ಖಾಲಿ ಇರುತ್ತದೆ, ಲೇಬಲ್ಲಿನ ಆರ್ಡರು ಸಿಗುತ್ತದೆ. ಮಧ್ಯಾಹ್ನ ಚಿಗವ್ವ ಗೋದಾಮಿನಿಂದ ಒಂದು ತಾಸು ಬಿಡುವು ಮಾಡಿಕೊಂಡು ಬರುತ್ತಿದ್ದಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇದು ಎಷ್ಟೋ ವರ್ಷ ನಡೆಯಿತು.

ಆಮೇಲೆ ನನಗೂ ಸಕ್ಕರೆ ಕಾಯಿಲೆ ಬಂತು. ರಾಣೆಬೆನ್ನೂರಿನ ಡಾಕ್ಟರು ಮಧ್ಯಾಹ್ನದ ಊಟಕ್ಕೆ ಮೊದಲು ಒಂದು ಗುಳಿಗೆ, ಊಟದಲ್ಲಿ ಒಂದೇ ರೊಟ್ಟಿ ಎಂದು ಬರೆದುಕೊಟ್ಟರು. ಗಿರಿಜಾ ಆ ಚೀಟಿಯನ್ನು ಅಡುಗೆಮನೆಯ ಗೋಡೆಗೆ ಹಚ್ಚಿದಳು. ನಮ್ಮ ಮನೆಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಓದಲ್ಪಡುವ ಬರಹ ಅದೊಂದೇ.

ಮುಂದಿನ ಮಂಗಳವಾರ ಚಿಗವ್ವನ ಮುಂದೆ ಕುಳಿತು, “ಒಂದ ಸಾಕು ಚಿಗವ್ವ,” ಎಂದೆ.

“ಒಂಟಿ ನೀಡಬಾರದೋ ಯಪ್ಪಾ.”

“ಹಂಗಾರ ಒಂದನ್ನ ಮುರುದು ಎರಡ ಮಾಡು.”

“ಮುರುದದ್ದು ಎರಡ ಆಗೂದಿಲ್ಲ, ಚೂರಾಕ್ಕೈತಿ. ಸುಮ್ನ ಉಣ್ಣು.”

ಉಂಡೆ. ಸಂಜೆ ಗಿರಿಜಾ ಬೆರಳು ಚುಚ್ಚಿ ನೋಡಿದಳು, ಅಂಕಿ ಕಂಡು ಒಳಗೆ ಹೋದಳು. ಆಮೇಲೆ ಬಂದು, “ಚಿಗವ್ವಗ ಹೇಳ್ಬಿಡ್ರಿ. ಆಕಿ ತಿಳ್ಕೊಳ್ಳೂದಿಲ್ಲೇನು?” ಎಂದಳು.

ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಕಾಯಿಲೆಯ ಹೆಸರು ಆ ಮನೆಯಲ್ಲಿ ಒಬ್ಬನನ್ನು ಒಯ್ದಿದೆ. ನಾನು ಬಾಯಿ ಬಿಟ್ಟರೆ ಅವಳು ಆವತ್ತಿನಿಂದಲೇ ನನ್ನ ಕಾಲು ನೋಡಲು ಶುರು ಮಾಡುತ್ತಾಳೆ ಎಂದು ಹೆದರಿದೆ. ಇದು ಕರುಣೆ ಎಂದು ನನಗೆ ನಾನೇ ಹೇಳಿಕೊಂಡೆ. ಖರೇ ಹೇಳಬೇಕೆಂದರೆ ಅದು ಪುಕ್ಕಲುತನ. ಬೇಡ ಎನ್ನುವ ಧೈರ್ಯವಿಲ್ಲದವನು ಮಾಡುವ ಕೆಲಸವನ್ನೇ ನಾನೂ ಮಾಡಿದೆ: ಹೋಗುವುದನ್ನೇ ಬಿಟ್ಟೆ.

ಬ್ಯಾಡಗಿಗೆ ಹೋಗುವುದನ್ನಲ್ಲ, ಚಿಗವ್ವನ ಮನೆಗೆ ಹೋಗುವುದನ್ನು. ಮಂಗಳವಾರ ಬರುತ್ತಿದ್ದೆ, ಆರ್ಡರು ಹಿಡಿಯುತ್ತಿದ್ದೆ, ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯ ಮೂಲೆಯಲ್ಲಿ ಕುಳಿತು ಗುಳಿಗೆ ನುಂಗಿ, ಒಂದು ರೊಟ್ಟಿ ಹೇಳುತ್ತಿದ್ದೆ. ಖಾನಾವಳಿಯವನು ಒಂದು ಎಂದರೆ ಒಂದೇ ಕೊಡುತ್ತಿದ್ದ. ಒಬ್ಬ ಮನುಷ್ಯ ಕೇಳಿದಷ್ಟೇ ಕೊಡುವುದು ಎಷ್ಟು ಆರಾಮ ಎಂದು ಮೊದಲ ವಾರ ಅನಿಸಿತು. ಮೂರನೆಯ ವಾರಕ್ಕೆ ಆ ಆರಾಮ ಹೋಗಿ, ಗುರುತಿನವರು ಯಾರಾದರೂ ಬಂದಾರೆಯೇ ಎಂದು ಬಾಗಿಲ ಕಡೆ ನೋಡತೊಡಗಿದೆ. ಕರುಳಿನ ಸಂಬಂಧ ಇರುವ ಊರಿನಲ್ಲಿ ಖಾನಾವಳಿಯಲ್ಲಿ ಉಣ್ಣುವುದು ನಮ್ಮ ಕಡೆ ಎಂಥ ಅಪರಾಧ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬೈದಿದ್ದರೂ ಕ್ಷಮೆ ಉಂಟು, ಇದಕ್ಕಿಲ್ಲ.

ಪೋಸ್ಟರಿನ ಮಾಸ್ತರು ಬಂದದ್ದು ಇದೇ ದಿನಗಳಲ್ಲಿ. ಹಾಗಾಗಿ ಒಂದು ಮಧ್ಯಾಹ್ನ ನಾನು ಪ್ರೂಫ್ ಹಾಳೆ ಮುಂದಿಟ್ಟುಕೊಂಡು ಪದ ಹುಡುಕುತ್ತಿದ್ದಾಗ ಚಿಗವ್ವನ ಫೋನು ಬಂತು.

“ಯಾಕೋ ಮಲ್ಲೇಶಿ, ಬರವಲ್ಲಿ?”

“ಕೆಲಸ ಭಾಳ ಅದಾವ ಚಿಗವ್ವ. ಪುರಸೊತ್ತಿಲ್ಲ.”

“ಇರ್ಲಿ, ಕೆಲಸ ಬಿಡಬ್ಯಾಡ. ನನಗೇನಿಲ್ಲಪಾ. ಮಂಗಳವಾರ ಬಂತಂದ್ರ ಮನಿ ಭಣಭಣ ಅಂತೈತಿ, ಅದಕ್ಕ ಕೇಳಿದೆ.”

ನನ್ನ ಕಿವಿ ನಿಮಿರಿತು. “ಏನಂದಿ? ಇನ್ನೊಮ್ಮೆ ಹೇಳು.”

ಅವಳ ದನಿ ಸ್ವಲ್ಪ ಗೆಲುವಾಯಿತು. ನಾನು ಕೇಳಿಸಿಕೊಂಡೆ ಎಂದುಕೊಂಡಳು, ಪಾಪ. “ಮನಿ ಭಣಭಣ ಅಂತೈತಿ ಅಂದೆ.”

“ಛಲೋ ಆತು,” ಎಂದೆ.

“ಏನ್ ಛಲೋ ಆತೋ?”

“ಏನಿಲ್ಲ ಚಿಗವ್ವ, ಇಲ್ಲೊಂದು ಕೆಲಸ. ಮುಂದಿನ ವಾರ ನೋಡ್ತೀನಿ,” ಎಂದು ಫೋನಿಟ್ಟು, ಅಂಚಿನಲ್ಲಿ ಬರೆದುಕೊಂಡೆ. ನನ್ನ ಕಾಲ ಮೇಲೆ ಬಿದ್ದದ್ದು ಆ ಹಾಳೆ.

ಪದ ನಿಜಕ್ಕೂ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಮಂದಿ ಎದ್ದು ಹೋದ ಮೇಲೆ ಮನೆ ಭಣಭಣ ಅನ್ನುತ್ತದೆ. ಮದುವೆ ಮುಗಿದ ಮರುದಿನ ಹಂದರ ಅನ್ನುತ್ತದೆ, ರಜೆಯಲ್ಲಿ ಸಾಲೆ ಅನ್ನುತ್ತದೆ, ದನ ಮಾರಿದ ಮೇಲೆ ಮೇವು ಹಾಕುವ ಗ್ವಾದಲಿ ಅನ್ನುತ್ತದೆ. ಆದರೆ ಯಾರೂ ‘ನಾನು ಭಣಭಣ ಅಂತೀನಿ’ ಎನ್ನುವುದಿಲ್ಲ. ನಮ್ಮ ಜನ ಈ ದುಃಖವನ್ನು ತಮ್ಮ ಮೇಲೆ ಹಾಕಿಕೊಳ್ಳುವುದೇ ಇಲ್ಲ. ಹೊತ್ತು ಹೋಗವಲ್ದು ಎಂದು ಹೊತ್ತಿನ ಮೇಲೆ ಹಾಕುತ್ತಾರೆ. ಉಂಡದ್ದು ಸೇರವಲ್ದು ಎಂದು ಊಟದ ಮೇಲೆ ಹಾಕುತ್ತಾರೆ. ಬ್ಯಾಸರ ಎಂದರೆ ಜ್ವರಕ್ಕೂ ಆಯಿತು, ಕರೆಂಟು ಹೋದದ್ದಕ್ಕೂ ಆಯಿತು. ಯಾವುದೂ ಇಲ್ಲದಿದ್ದರೆ ಮನೆಯ ಮೇಲೆ ಹೊರಿಸುತ್ತಾರೆ. ‘ನನಗ ಯಾರೂ ಇಲ್ಲ’ ಎಂದರೆ ಕೇಳಿದವನ ಕಡೆ ಬೆರಳು ತೋರಿಸಿದಂತೆ ಆಗುತ್ತದಲ್ಲ, ಆ ಸಂಕೋಚ ಅವರಿಗೆ. ಹಾಗಾಗಿ ಮನೆ ಮಾತಾಡುತ್ತದೆ, ಮನುಷ್ಯರು ನನಗೇನಿಲ್ಲಪಾ ಎನ್ನುತ್ತಾರೆ.

ನೋಡಿ, ಇಷ್ಟೆಲ್ಲವನ್ನೂ ನಾನು ಆವತ್ತೇ ಕಂಡುಕೊಂಡಿದ್ದೆ. ಮಾಸ್ತರಿಗೆ ಫೋನಿನಲ್ಲಿ ಅರ್ಧ ತಾಸು ವಿವರಿಸಿದೆ. ಅವರು ಕುಣಿದಾಡುವುದೊಂದು ಬಾಕಿ. ಪೋಸ್ಟರಿನ ಕೆಳಮೂಲೆಯಲ್ಲಿ ಭಣಭಣ ಅಚ್ಚಾಯಿತು. ಹಾವೇರಿಯ ಆ ಸಂಕಿರಣಕ್ಕೆ ನನ್ನನ್ನೂ ಕರೆದರು. ದೊಡ್ಡ ಸಭಾಂಗಣ, ಇಪ್ಪತ್ತು ಮಂದಿ, ಪ್ರತಿಯೊಬ್ಬರೂ ಪಕ್ಕದ ಕುರ್ಚಿ ಖಾಲಿ ಬಿಟ್ಟು ಕುಳಿತಿದ್ದರು. ಒಂಟಿತನ ಬೇರೆ, ಏಕಾಂತ ಬೇರೆ ಎಂದು ಒಬ್ಬರು ಬಹಳ ಚೆನ್ನಾಗಿ ಹೇಳಿದರು. ಆಮೇಲೆ ಮಾಸ್ತರು ನನ್ನನ್ನು ಎಬ್ಬಿಸಿ ನಿಲ್ಲಿಸಿ, “ಈ ಪದ ಕೊಟ್ಟವರು ಇವರು,” ಎಂದರು. ಚಪ್ಪಾಳೆ ಬಿತ್ತು. ನಾನು ಕೈ ಮುಗಿದೆ. ಪದ ಕೊಟ್ಟವಳು ಆ ಹೊತ್ತಿಗೆ ಬ್ಯಾಡಗಿಯಲ್ಲಿ ತೊಟ್ಟು ಬಿಡಿಸುತ್ತಿದ್ದಳು ಎಂಬುದು ಕೈ ಮುಗಿಯುವಾಗ ನೆನಪಾಯಿತು. ಬಸ್ಸು ಹತ್ತಿ ಊರಿಗೆ ಬರುವ ತನಕ ಅದು ಬಿಡಲಿಲ್ಲ.

ಅಷ್ಟಾದರೂ ಮುಂದಿನ ಮಂಗಳವಾರ ಹೋಗಿ ಕುಳಿತದ್ದು ಎಲ್ಲಿ ಅಂತೀರಿ? ಅದೇ ಖಾನಾವಳಿ, ಅದೇ ಮೂಲೆ. ಇಷ್ಟು ವಾರ ತಪ್ಪಿಸಿಕೊಂಡವನು ಯಾವ ಮುಖ ಹೊತ್ತು ಹೋಗುವುದು ಎಂಬುದು ಈಗಿನ ನೆಪ. ಗುಳಿಗೆಯ ಪಟ್ಟಿ ಮೇಜಿನ ಮೇಲಿಟ್ಟಿದ್ದೆ. ಗಂಗಾಳದಲ್ಲಿ ಒಂದು ರೊಟ್ಟಿ ಬಿದ್ದಿತ್ತು. ಇನ್ನೂ ಮುರಿದಿರಲಿಲ್ಲ.

ಬಾಗಿಲ ಹತ್ತಿರದ ಮೇಜಿನವನು ಸೀನಿದ. ಆಮೇಲೆ ಅವನ ಎದುರಿನವನು. ಆಮೇಲೆ ಒಬ್ಬೊಬ್ಬರಾಗಿ ಇಡೀ ಸಾಲು. ನಾನು ತಲೆ ಎತ್ತುವುದರೊಳಗೆ ನನಗೂ ಬಂತು, ಮೂರು ಸಲ. ಕಣ್ಣು ಒರೆಸಿಕೊಂಡು ನೋಡಿದರೆ ಚಿಗವ್ವ ನಿಂತಿದ್ದಳು. ಗೋದಾಮಿನಿಂದ ನೇರ ಬಂದಿದ್ದಳು. ಸೀರೆಯ ತುಂಬ, ತಲೆಗೆ ಸುತ್ತಿದ ಅರಿವೆಯ ತುಂಬ ಕೆಂಪು ಧೂಳು. ಖಾನಾವಳಿಗೆ ರೊಟ್ಟಿ ಬಡಿಯುವ ಹೆಣ್ಣುಮಗಳು ಅವಳ ಓಣಿಯವಳೇ ಎಂಬುದು ನನಗೆ ಇಷ್ಟು ದಿನ ಹೊಳೆದಿರಲಿಲ್ಲ.

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಎದುರಿನ ಬೆಂಚಿನ ತುದಿಯಲ್ಲಿ ಕುಳಿತಳು. ಜನ್ಮದಲ್ಲಿ ಖಾನಾವಳಿಯೊಳಗೆ ಬಂದವಳಲ್ಲ, ಕೈ ಎಲ್ಲಿಡಬೇಕು ಎಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು. ನನ್ನ ಮುಖ ನೋಡಿದಳು, ಗಂಗಾಳ ನೋಡಿದಳು, ಗುಳಿಗೆಯ ಪಟ್ಟಿ ನೋಡಿದಳು. ಅಲ್ಲಿಂದ ಅವಳ ಕಣ್ಣು ಕದಲಲಿಲ್ಲ.

“ಉಣ್ಣೂದಕ್ಕಿಂತ ಮೊದಲ ತಗೋತಿಯೇನು?” ಎಂದಳು.

“ಹೂಂ.”

“ಎಷ್ಟು ದಿನ ಆತು?”

“ಆರು ತಿಂಗಳ ಆತು, ಚಿಗವ್ವ.”

“ರೊಟ್ಟಿ ಒಂದ ಅಂದಾರ?”

ತಲೆಯಾಡಿಸಿದೆ. ಹೊರಗೆ ಯಾವುದೋ ಬಸ್ಸಿನವನು ಹಾವೇರಿ ಹಾವೇರಿ ಎಂದು ಕೂಗುತ್ತಿದ್ದ. ಚಿಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಅವ್ರಿಗೂ ನಾ ಎರಡ ನೀಡ್ತಿದ್ದೆ,” ಎಂದಳು. ಗಂಡನ ಮಾತು ಅವಳು ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಡಾಕ್ಟರ್ ಬ್ಯಾಡ ಅಂದಿದ್ರಂತ. ಅವ್ರು ಹೇಳಲಿಲ್ಲ. ನಾ ಬ್ಯಾಸರ ಮಾಡ್ಕೋತೀನಂತ ಸುಮ್ನ ಉಂಡ್ರು. ಅವ್ರು ಹೋದ ಮ್ಯಾಲೆ ಮಂದಿ ಬಾಯಿಂದ ಗೊತ್ತಾತು. ಅವ್ರೂ ಹೇಳಲಿಲ್ಲ, ನೀನೂ ಹೇಳಲಿಲ್ಲ.”

ಇಪ್ಪತ್ತೈದು ವರ್ಷ ಕೂಡಿಟ್ಟ ಪದಗಳನ್ನೆಲ್ಲ ತಡಕಾಡಿದೆ. “ತಪ್ಪಾತು ಚಿಗವ್ವ,” ಎಂದೆ. ಅಷ್ಟೇ ಸಿಕ್ಕಿತು. ಕಣ್ಣು ತುಂಬಿತ್ತು, ಖಾರದ ಧೂಳಿತ್ತಲ್ಲ, ಯಾರೂ ಗಮನಿಸಲಿಲ್ಲ.

ಖಾನಾವಳಿಯವನು ರೊಟ್ಟಿಯ ಬುಟ್ಟಿ ಹಿಡಿದು ಬಂದ. “ಅವ್ವಾರ, ನಿಮಗೇನು ಕೊಡ್ಲಿ?”

ಅವಳು ಅವನ ಕಡೆ, ಆಮೇಲೆ ನನ್ನ ಕಡೆ ನೋಡಿದಳು. “ನನಗೂ ಒಂದ ಗಂಗಾಳ ಕೊಡ್ರಿ. ಒಂದ ರೊಟ್ಟಿ ಹಾಕ್ರಿ.”

ಗಂಗಾಳ ಬಂತು. ಅದರಲ್ಲಿ ಒಂದು ರೊಟ್ಟಿ ಬಿತ್ತು. ಚಿಗವ್ವ ಅದನ್ನು ನನ್ನ ಗಂಗಾಳಕ್ಕೆ ತಾಗುವ ತನಕ ಮುಂದೆ ಸರಿಸಿದಳು.

“ನಿನ್ನದೊಂದು, ನನ್ನದೊಂದು. ಎರಡಾದ್ವು. ಉಣ್ಣು ಇನ್ನ.”

ಇಬ್ಬರೂ ಉಣ್ಣತೊಡಗಿದೆವು. ಅವಳು ಉಣ್ಣುವುದನ್ನು ನಾನು ಮೊದಲ ಸಲ ನೋಡಿದೆ. ರೊಟ್ಟಿಯ ಅಂಚನ್ನು ಮೊದಲು ಸುತ್ತಲೂ ಮುರಿದುಕೊಂಡು ತಿನ್ನುತ್ತಾಳೆ, ನಡುವಿನ ಮೆತ್ತನೆಯದನ್ನು ಕೊನೆಗೆ ಉಳಿಸಿಕೊಳ್ಳುತ್ತಾಳೆ, ನಮ್ಮವ್ವನ ಹಾಗೆಯೇ. ಗೋದಾಮಿನ ಸುದ್ದಿ ಹೇಳಿದಳು, ಗಿರಿಜಾಳನ್ನು ಕೇಳಿದಳು, ಖಾನಾವಳಿಯ ಪಲ್ಯಕ್ಕೆ ಉಪ್ಪು ಕಡಿಮೆ ಎಂದಳು. ಮುಂದಿನ ಮಂಗಳವಾರ ಏನು ಪಲ್ಯ ಮಾಡಲಿ ಎಂದೂ ಕೇಳಿದಳು. ಎರಡು ಗಂಗಾಳ ತೊಳೆದಿಡುತ್ತೇನೆ ಎಂದಳು.

ಮುಗಿಯುತ್ತ ಬಂದಾಗ ಖಾನಾವಳಿಯವನು ಮತ್ತೆ ಬಂದ. ಬಂದವಳು ಮನೆಯ ಹಿರಿಯಳು ಎಂದು ಅವನಿಗೆ ತಿಳಿದುಹೋಗಿತ್ತು, ಮರ್ಯಾದೆ ಮಾಡಬೇಕಲ್ಲ. ಬಿಸಿ ರೊಟ್ಟಿಯೊಂದನ್ನು ಎತ್ತಿ ನನ್ನ ಗಂಗಾಳದ ಮೇಲೆ ಹಿಡಿದು, “ಇನ್ನೊಂದು ಹಾಕ್ಲ್ಯಾ ಅವ್ವಾರ? ಒಂಟಿ ಆಕ್ಕೈತಿ,” ಎಂದ.

ಚಿಗವ್ವ ಉಣ್ಣುತ್ತಿದ್ದ ಕೈಯನ್ನೇ ಚಾಚಿ ನನ್ನ ಗಂಗಾಳಕ್ಕೆ ಅಡ್ಡ ಹಿಡಿದಳು.

“ಬ್ಯಾಡಪಾ,” ಎಂದಳು. “ಅಂವಗ ಒಂದ ಸಾಕು.”